ದೂರದಿಂದಲೇ ರಿಪೇರಿ ಸರಿ, ಕೀಲಿ ಮಾತ್ರ ಯಂತ್ರದ ಪಕ್ಕದಲ್ಲೇ ಇರಲಿ

ರಾತ್ರಿ ಒಂದೂವರೆಗೆ ಫೋನ್ ಬಂದರೆ ಅದು ನನ್ನ ಸ್ನೇಹಿತರದ್ದಲ್ಲ ಎಂದು ನಮ್ಮಮ್ಮನಿಗೂ ಗೊತ್ತು. ‘ಇವತ್ತು ಯಾವೂರಿಗೋ?’ ಎಂದು ಮಗ್ಗುಲು ಬದಲಿಸುತ್ತಲೇ ಕೇಳುತ್ತಾರೆ. ಡಿಪ್ಲೊಮಾ ಮುಗಿಸಿ ಹಾಸನದ ಸಣ್ಣ ಆಟೊಮೇಷನ್ ಕಾಂಟ್ರ್ಯಾಕ್ಟರ್ ಒಬ್ಬರ ಹತ್ತಿರ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನನ್ನ ‘ಲೈನು’. ನೀರಿನ ಪಂಪ್‌ಹೌಸ್, ಅಕ್ಕಿ ಗಿರಣಿ, ಆಲೂಗಡ್ಡೆ ಕೋಲ್ಡ್ ಸ್ಟೋರೇಜ್, ಹಾಲು ತಂಪು ಮಾಡುವ ಘಟಕ, ಹೀಗೆ ಎಲ್ಲಿ ಪ್ಯಾನೆಲ್ ಮೇಲೆ ಕೆಂಪು ದೀಪ ಹತ್ತಿತೋ ಅಲ್ಲಿಗೆ ನನ್ನ ಬೈಕು.

ಕಳೆದ ಆಷಾಢದ ಒಂದು ರಾತ್ರಿ ಅರಕಲಗೂಡಿನ ಆಚೆಯ ಪಂಪ್‌ಹೌಸ್‌ಗೆ ಜಡಿಮಳೆಯಲ್ಲೇ ಹೊರಟೆ. ‘ಮೋಟಾರು ಆನೇ ಆಗ್ತಿಲ್ಲ ಸಾರ್. ಬೆಳಗ್ಗೆ ನೀರು ಬಿಡ್ಲಿಲ್ಲ ಅಂದ್ರೆ ಊರೋರು ನನ್ನ ಸುಮ್ನೆ ಬಿಡಲ್ಲ’ ಎಂದು ನೀರುಗಂಟಿ ಗೋಗರೆದಿದ್ದರು. ಹೋಗಿ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರೆ ತೊಟ್ಟಿಯ ನೀರಿನ ಮಟ್ಟ ತಿಳಿಸುವ ಸೆನ್ಸರ್‌ನ ತಂತಿ ಸಡಿಲವಾಗಿತ್ತು. ಈ ಸೆನ್ಸರ್‌ಗಳು 4ರಿಂದ 20 ಮಿಲಿಆಂಪ್‌ವರೆಗಿನ ವಿದ್ಯುತ್ತಿನಲ್ಲಿ ಮಟ್ಟ ಹೇಳುತ್ತವೆ. 4 ಬಂದರೆ ತೊಟ್ಟಿ ಖಾಲಿ. ಸೊನ್ನೆ ಬಂದರೆ ಖಾಲಿ ಅಲ್ಲ, ತಂತಿಯೇ ಕಿತ್ತಿದೆ ಎಂದರ್ಥ. ತುಂಬಿದ ತೊಟ್ಟಿಯನ್ನು ಖಾಲಿ ಎಂದುಕೊಂಡು ಪಿಎಲ್‌ಸಿ ಮೋಟಾರು ಓಡಿಸಲು ಒಪ್ಪದೆ ಕೂತಿತ್ತು. ಒಂದು ಸ್ಕ್ರೂ ಬಿಗಿ ಮಾಡಿದೆ. ಎರಡು ನಿಮಿಷದ ಕೆಲಸ. ಮನೆಗೆ ಬಂದಾಗ ಕೋಳಿ ಕೂಗುತ್ತಿತ್ತು.

ಆ ಸೊನ್ನೆಯನ್ನು ಹಾಸನದಲ್ಲೇ ಕೂತು ನೋಡುವಂತಿದ್ದರೆ? ‘ಅಣ್ಣ, ಮೇನ್ ಆಫ್ ಮಾಡಿ ಮೂರನೇ ತಂತಿ ಬಿಗಿ ಮಾಡಿ’ ಎಂದು ಹೇಳಿ ಮಲಗಿಬಿಡುತ್ತಿದ್ದೆ. ಊರಿಗೆ ನೀರೂ ನಾಲ್ಕು ತಾಸು ಮೊದಲೇ ಸಿಗುತ್ತಿತ್ತು. ಹಾಗಾಗಿ ದೂರದಿಂದಲೇ ಯಂತ್ರದ ತೊಂದರೆ ನೋಡುವ ವ್ಯವಸ್ಥೆ ನಮ್ಮ ತಾಲ್ಲೂಕುಗಳಿಗೂ ಬರಲೇಬೇಕು ಅನ್ನುವವನು ನಾನು. ಆದರೆ ಈಗ ಅದು ಬರುತ್ತಿರುವ ರೀತಿ ನೋಡಿದರೆ ಭಯವಾಗುತ್ತದೆ. ಆ ಭಯಕ್ಕೆ ಕಾರಣ ಬೇರೆ ಯಾರೋ ಅಲ್ಲ, ನಾನೇ.

ಬೆರಕೆ ಸಂಸಾರ

ಮೊದಲು ನಮ್ಮ ಕಡೆಯ ಕಾರ್ಖಾನೆಗಳ ಪ್ಯಾನೆಲ್ ಒಳಗೆ ಏನಿರುತ್ತದೆ ಹೇಳುತ್ತೇನೆ. ಎಲ್ಲ ಒಂದೇ ಕಂಪನಿಯದ್ದು ಎಂಬ ಭಾಗ್ಯ ಎಲ್ಲೂ ಇಲ್ಲ. ಹಳೆಯ ಸೀಮೆನ್ಸ್ ಎಸ್7-300 ಒಂದು, ದುಂಡಗಿನ ಪೋರ್ಟಿನ ಮಿತ್ಸುಬಿಷಿ ಒಂದು, ಆಮೇಲೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಾಕಿಸಿದ ಡೆಲ್ಟಾ ಡ್ರೈವ್. ಒಂದಕ್ಕೆ ಎತರ್‌ನೆಟ್, ಇನ್ನೊಂದಕ್ಕೆ ಎರಡು ತಂತಿಯ ಆರ್‌ಎಸ್-485. ಒಂದೊಂದಕ್ಕೂ ಬೇರೆ ಕೇಬಲ್, ಬೇರೆ ಸಾಫ್ಟ್‌ವೇರ್. ಕೂಡು ಕುಟುಂಬದಲ್ಲಿ ನಾಲ್ಕು ಸೊಸೆಯಂದಿರು ನಾಲ್ಕು ಭಾಷೆ ಆಡಿದ ಹಾಗೆ.

ಇವುಗಳ ನಡುವೆ ಹೆಚ್ಚಾಗಿ ಓಡಾಡುವ ಭಾಷೆ ಮಾಡ್‌ಬಸ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದ 1979ರಲ್ಲೇ ಹುಟ್ಟಿದ್ದು. ಸರಳ, ಗಟ್ಟಿ, ಇವತ್ತಿಗೂ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ‘ನೀನು ಯಾರು?’ ಎಂದು ಕೇಳುವುದು ಗೊತ್ತಿಲ್ಲ. ಆ ತಂತಿಗೆ ಸೇರಿಕೊಂಡವರು ‘ಮೋಟಾರು ಓಡಿಸು’ ಎಂದರೆ ಓಡಿಸುತ್ತದೆ. ತಂತಿ ನಾಲ್ಕು ಗೋಡೆಯೊಳಗೇ ಇರುತ್ತದೆ, ಗೋಡೆಯೇ ಕಾವಲು ಎಂಬ ನಂಬಿಕೆಯ ಕಾಲದ್ದು ಅದು. ಅದರ ಬಾಲಕ್ಕೆ ನಾವು ಒಂದು ಸಿಮ್ ಕಟ್ಟಿದ ದಿನವೇ ಆ ಗೋಡೆ ಬಿತ್ತು.

ನಮ್ಮಲ್ಲಿ ‘ರಿಮೋಟ್ ಆಕ್ಸೆಸ್’ ಹೇಗೆ ಮಾಡುತ್ತಾರೆ ಗೊತ್ತೇ? ಆಫೀಸಿನ ಹಳೆಯ ಕಂಪ್ಯೂಟರ್ ಒಂದನ್ನು ಪ್ಯಾನೆಲ್ ಪಕ್ಕ ಇಟ್ಟು, ಎನಿಡೆಸ್ಕ್ ಹಾಕಿ, ಡಾಂಗಲ್ ಚುಚ್ಚಿ, ಪಾಸ್‌ವರ್ಡ್‌ಗೆ 1234 ಕೊಟ್ಟು ಬರುವುದು. ಆ ಪಾಸ್‌ವರ್ಡ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿರುತ್ತದೆ. ಕೆಲಸ ಬಿಟ್ಟುಹೋದ ಹುಡುಗರೂ ಗ್ರೂಪಿನಲ್ಲೇ ಇರುತ್ತಾರೆ. ಇದನ್ನು ಮಾಡಿದವರಲ್ಲಿ ನಾನೂ ಒಬ್ಬ.

ನನ್ನ ಕೈಯಲ್ಲಾದ ತಪ್ಪು

ಚನ್ನರಾಯಪಟ್ಟಣದ ಕಡೆಯ ಒಂದು ಪ್ಯಾಕಿಂಗ್ ಘಟಕದಲ್ಲಿ ಕನ್ವೇಯರ್ ನಿಂತಿದೆ ಎಂದು ಫೋನ್ ಬಂತು. ನಾನು ಹಾಸನದ ಹೋಟೆಲಿನಲ್ಲಿ ದೋಸೆಗೆ ಕಾಯುತ್ತಿದ್ದೆ. ಲ್ಯಾಪ್‌ಟಾಪ್ ತೆರೆದು ಎನಿಡೆಸ್ಕ್‌ನಲ್ಲಿ ಒಳಹೋದೆ. ಒಂದು ಸೆನ್ಸರ್ ಸಿಕ್ಕಿಕೊಂಡ ಹಾಗೆ ಕಂಡಿತು. ‘ಬೆಲ್ಟ್ ಹತ್ರ ಯಾರೂ ಇಲ್ಲ ತಾನೇ?’ ಎಂದು ಕೇಳಿದೆ. ‘ಇಲ್ಲ ಸಾರ್’ ಎಂದರು ಫೋನಿನಲ್ಲಿದ್ದವರು. ಅವರು ಕೂತಿದ್ದುದು ಆಫೀಸಿನಲ್ಲಿ, ಬೆಲ್ಟ್ ಇದ್ದದ್ದು ಗೋಡೆಯಾಚೆ. ನಾನು ಸೆನ್ಸರ್ ಬೈಪಾಸ್ ಮಾಡಿ ಮೋಟಾರನ್ನು ‘ಫೋರ್ಸ್’ ಕೊಟ್ಟು ಓಡಿಸಿದೆ.

ಬೆಲ್ಟಿನ ಕೆಳಗೆ ಸಿಕ್ಕಿಕೊಂಡಿದ್ದ ಚೀಲವನ್ನು ಒಬ್ಬ ಹೆಲ್ಪರ್ ಎಳೆಯುತ್ತಿದ್ದರು. ಅವರು ಸರಿಯಾಗೇ ಸ್ಟಾಪ್ ಬಟನ್ ಒತ್ತಿ, ಬೆಲ್ಟ್ ನಿಂತದ್ದು ನೋಡಿ ಕೈ ಹಾಕಿದ್ದರು. ಅಂಗಿಯ ತೋಳು ರೋಲರಿಗೆ ಸಿಕ್ಕಿತು. ಹಳೆಯ ಅಂಗಿ, ಹರಿದುಬಂತು. ಮೊಣಕೈವರೆಗೆ ತರಚು ಗಾಯ ಅಷ್ಟೇ. ಹೊಸ ಅಂಗಿಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಇವತ್ತಿಗೂ ನನಗೆ ಧೈರ್ಯ ಬರುವುದಿಲ್ಲ.

ಸಂಜೆ ನೋಡಲು ಹೋದೆ. ಅವರು ಬೈಯಲಿಲ್ಲ. ಟೀ ಕುಡಿಸಿದರು. ‘ಮಿಷನ್ ಪಕ್ಕ ನಿಂತವ್ನು ಒತ್ತಿದ್ರೆ ನಂಗೆ ಕಾಣ್ತದೆ ಸ್ವಾಮಿ. ನೀವು ಹಾಸನದಲ್ಲಿ ಕೂತು ಒತ್ತಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?’ ಎಂದರು, ಅಷ್ಟೇ. ನಾಲ್ಕು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಯಾವ ತರಬೇತಿಯಲ್ಲೂ ಸಿಗಲಿಲ್ಲ, ಆ ಟೀ ಅಂಗಡಿಯಲ್ಲಿ ಸಿಕ್ಕಿತು.

ಹಾಸನಕ್ಕೆ ಇದು ಹೊಸದಲ್ಲ

ದೂರದಿಂದ ದುರಸ್ತಿ ಮಾಡುವ ವಿಚಾರದಲ್ಲಿ ನಮ್ಮೂರಿಗೆ ಯಾರೂ ಪಾಠ ಹೇಳಬೇಕಿಲ್ಲ. ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ, ನಾವೆಲ್ಲ ಎಂಸಿಎಫ್ ಎನ್ನುವುದು, 1982ರಿಂದ ಹಾಸನದಲ್ಲಿದೆ. 1983ರ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ಬಿಡಿಸಿಕೊಳ್ಳದೆ ಸಿಕ್ಕಿಕೊಂಡಿತ್ತು. ನೆಲದಿಂದ ಆಜ್ಞೆ ಕಳಿಸಿ ಕಳಿಸಿ ಸೆಪ್ಟೆಂಬರ್‌ನಲ್ಲಿ ಅದನ್ನು ಬಿಡಿಸಿದರು. ಆಮೇಲೆ ದೇಶದ ಟಿ.ವಿ., ದೂರವಾಣಿ, ಹವಾಮಾನದ ಚಿತ್ರಕ್ಕೆಲ್ಲ ಆ ಉಪಗ್ರಹವೇ ಆಸರೆಯಾಯಿತು. ಸುಮಾರು 36,000 ಕಿ.ಮೀ. ಎತ್ತರದ ಯಂತ್ರವನ್ನು ನೆಲದಲ್ಲೇ ಕೂತು ಸರಿಮಾಡಬಹುದಾದರೆ, ನಲವತ್ತು ಕಿ.ಮೀ. ಆಚೆಯ ಪಂಪ್ ಯಾವ ಲೆಕ್ಕ?

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ವ್ಯತ್ಯಾಸವಿದೆ. ಉಪಗ್ರಹದ ರೋಲರಿನೊಳಗೆ ಕೈ ಹಾಕಿಕೊಂಡು ನಿಂತ ಮನುಷ್ಯ ಯಾರೂ ಇರುವುದಿಲ್ಲ. ನಮ್ಮ ಕನ್ವೇಯರಿನ ಹತ್ತಿರ ಇರುತ್ತಾರೆ.

‘ನಮ್ಮ ಗಿರಣಿಗೆ ಯಾರು ಬರ್ತಾರೆ?’

ಇದನ್ನೆಲ್ಲ ಹೇಳಿದರೆ ಮಾಲೀಕರು ನಗುತ್ತಾರೆ. ‘ನಮ್ಮ ಅಕ್ಕಿ ಗಿರಣಿಗೆ ಯಾವ ಹ್ಯಾಕರ್ ಬರ್ತಾನಪ್ಪ?’ ಎನ್ನುತ್ತಾರೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಅಲಿಕ್ವಿಪಾ ಎಂಬ ಸಣ್ಣ ಊರಿನ ನೀರಿನ ಪಂಪಿಂಗ್ ಕೇಂದ್ರದ ಪಿಎಲ್‌ಸಿಗೆ ಹೊರಗಿನವರು ನುಗ್ಗಿದರು. ಆ ಊರಿನ ಮೇಲೆ ಅವರಿಗೆ ಯಾವ ದ್ವೇಷವೂ ಇರಲಿಲ್ಲ. ಆ ಪಿಎಲ್‌ಸಿ ಇಸ್ರೇಲಿ ಕಂಪನಿಯದ್ದು ಎಂಬುದೇ ಕಾರಣ. ಆ ಮಾದರಿಗೆ ಕಂಪನಿ ಕೊಟ್ಟಿದ್ದ ಪಾಸ್‌ವರ್ಡ್ 1111. ಅಂದರೆ ಕಳ್ಳನಿಗೆ ನಿಮ್ಮ ಊರು ಗೊತ್ತಿರಬೇಕಿಲ್ಲ, ನಿಮ್ಮ ಬೀಗದ ಕಂಪನಿ ಗೊತ್ತಿದ್ದರೆ ಸಾಕು. ಅಲ್ಲಿನ ಸಿಬ್ಬಂದಿ ಪಂಪನ್ನು ಕೈಯಿಂದಲೇ ನಡೆಸಿ ನೀರು ಕೊಟ್ಟರು. ನಮ್ಮಲ್ಲಿ ಹಾಗೆ ಕೈಯಿಂದ ನಡೆಸಲು ಗೊತ್ತಿರುವ ನೀರುಗಂಟಿಯನ್ನು ಉಳಿಸಿಕೊಂಡಿದ್ದೇವೆಯೇ?

ಇನ್ನು ಒಳಗಿನವರ ವಿಷಯ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ ಒಳಚರಂಡಿ ಪಂಪ್‌ಗಳ ನಿಯಂತ್ರಣ ವ್ಯವಸ್ಥೆ ಅಳವಡಿಸಿದ ಕಂಪನಿಯಲ್ಲಿ ಮೊದಲು ಕೆಲಸಕ್ಕಿದ್ದವನೊಬ್ಬ, ಸಿಟ್ಟಿನಿಂದ ರೇಡಿಯೊ ಮೂಲಕ ಆ ಪಂಪ್‌ಗಳನ್ನು ಕೆಡಿಸಿದ. ಲಕ್ಷಾಂತರ ಲೀಟರ್ ಕೊಳಚೆ ಉದ್ಯಾನ, ತೊರೆಗಳಿಗೆ ಹರಿಯಿತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪಾಸ್‌ವರ್ಡ್ ಇಟ್ಟುಕೊಂಡಿರುವ ನಾವು ಈ ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಹಾಗಾದರೆ ಏನು ಮಾಡೋಣ?

ಬಾಗಿಲೇ ಬೇಡ ಎಂದು ಗೋಡೆ ಕಟ್ಟುವುದು ಪರಿಹಾರವಲ್ಲ. ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು. ತಾಂತ್ರಿಕವಾಗಿ ಇದು ಕಷ್ಟವೂ ಅಲ್ಲ. ಸಾಮಾನ್ಯ 4ಜಿ ಸಿಮ್‌ಗಳಿಗೆ ಹೊರಗಿನಿಂದ ನೇರವಾಗಿ ತಲುಪುವ ವಿಳಾಸ ಸಿಗುವುದೇ ಅಪರೂಪ. ಹಾಗಾಗಿ ಕಾರ್ಖಾನೆಯ ರೂಟರೇ ಹೊರಗೆ ಕರೆ ಮಾಡಿ ವಿಪಿಎನ್ ಎಂಬ ಗುಪ್ತ ದಾರಿ ತೆರೆಯಬೇಕು. ಆ ರೂಟರಿಗೆ ವಿದ್ಯುತ್ ಹೋಗುವ ತಂತಿಯ ನಡುವೆ ಒಂದು ಕೀಲಿ ಸ್ವಿಚ್ ಹಾಕಿ. ಕೀಲಿ ಶಿಫ್ಟಿನಲ್ಲಿರುವ ಆಪರೇಟರ್ ಹತ್ತಿರ ಇರಲಿ. ಅವರು ತಿರುಗಿಸಿದರೆ ಮಾತ್ರ ನಾನು ಒಳಗೆ. ನಾನು ಒಳಗಿರುವಷ್ಟು ಹೊತ್ತು ಯಂತ್ರದ ಮೇಲೆ ಹಳದಿ ದೀಪ ತಿರುಗುತ್ತಿರಲಿ. ಒಂದು ಗಂಟೆಗೆ ಟೈಮರ್ ತಾನೇ ಬಂದ್ ಮಾಡಲಿ. ಒಂದು ಕೀಲಿ ಸ್ವಿಚ್, ಒಂದು ದೀಪ, ಒಂದು ಟೈಮರ್. ಮೋಟಾರು ಒಮ್ಮೆ ಸುಟ್ಟರೆ ರಿವೈಂಡಿಂಗ್‌ಗೆ ಕೊಡುವ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಎರಡನೆಯದು, ನೋಡುವುದು ಬೇರೆ, ಮುಟ್ಟುವುದು ಬೇರೆ. ನನ್ನ ಅನುಭವದಲ್ಲಿ ಬಹುಪಾಲು ತೊಂದರೆಗೆ ನೋಡಿದರೆ ಸಾಕು. ಆ ಅರಕಲಗೂಡಿನ ತಂತಿಯ ಹಾಗೆ. ದೂರದಿಂದ ಯಂತ್ರವನ್ನು ಫೋರ್ಸ್ ಕೊಟ್ಟು ಓಡಿಸುವುದನ್ನು ನಾನಂತೂ ಬಿಟ್ಟಿದ್ದೇನೆ. ಪ್ರೋಗ್ರಾಂ ಬದಲಿಸಲೇಬೇಕಾದರೆ ಮೊದಲು ಮೇನ್ ಆಫ್ ಆಗಿ ಅದಕ್ಕೆ ಬೀಗ ಬೀಳಬೇಕು. ಫೋನಿನಲ್ಲಿ ಯಂತ್ರದ ಎದುರು ನಿಂತವರೇ ಇರಬೇಕು, ಆಫೀಸಿನವರಲ್ಲ. ಎಮರ್ಜೆನ್ಸಿ ಸ್ಟಾಪ್ ಯಾವತ್ತೂ ನೆಟ್‌ವರ್ಕ್ ಮೂಲಕ ಹೋಗಬಾರದು, ನೇರ ತಂತಿಯಲ್ಲೇ ಇರಬೇಕು.

ಮೂರನೆಯದು, ಮನೆಯ ಪಟ್ಟಿ. ಯಾವ ಪಿಎಲ್‌ಸಿ, ಯಾವ ಪೋರ್ಟ್, ಯಾವ ಕೇಬಲ್, ಪ್ರೋಗ್ರಾಂ ಪ್ರತಿ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲಿಗೆ ಅಂಟಿಸಿ. ನಮ್ಮ ಎಷ್ಟೋ ಕಾರ್ಖಾನೆಗಳಲ್ಲಿ ಎಲ್ಲ ಯಂತ್ರಗಳ ವಿಳಾಸವೂ 192.168.1ರಿಂದಲೇ ಶುರುವಾಗುತ್ತದೆ. ಎರಡು ಕಡೆ ಒಟ್ಟಿಗೆ ಸಂಪರ್ಕಕ್ಕೆ ಬಂದರೆ ಯಾರ ಮನೆಗೆ ನುಗ್ಗಿದೆ ಎಂಬುದು ನನಗೇ ಗೊತ್ತಾಗದು. ಚನ್ನರಾಯಪಟ್ಟಣ ಎಂದುಕೊಂಡು ಹೊಳೆನರಸೀಪುರದ ಮೋಟಾರು ನಿಲ್ಲಿಸಿದರೆ? ಒಂದೊಂದು ಊರಿಗೆ ಒಂದೊಂದು ವಿಳಾಸ ಸರಣಿ ಕೊಡುವುದು ಅರ್ಧ ದಿನದ ಕೆಲಸ. ಹಾಗೆಯೇ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಇರಲಿ, ಕೆಲಸ ಬಿಟ್ಟ ದಿನವೇ ಅದು ರದ್ದಾಗಲಿ. ಯಾರು ಯಾವಾಗ ಬಂದುಹೋದರು ಎಂಬ ದಾಖಲೆ 180 ದಿನ ಇಟ್ಟಿರಬೇಕು, ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಕಂಪನಿಗಳಿಗೆ ಆದೇಶಿಸಿದೆ.

ಕೊನೆಗೆ ನಮ್ಮ ಹೊಟ್ಟೆಪಾಡಿನ ಮಾತು. ದೂರದಿಂದಲೇ ಎಲ್ಲ ಆಗುವುದಾದರೆ ಬೆಂಗಳೂರಿನವರೇ ಮಾಡುತ್ತಾರೆ, ನಮಗೇನು ಕೆಲಸ ಎಂದು ಗೆಳೆಯರು ಕೇಳುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಪೀಣ್ಯದ ಪಿ.ಜಿ.ಯಲ್ಲಿ ಇರಬೇಕಿಲ್ಲದೆ, ಹಾಸನದಲ್ಲೇ ಕೂತು ನಾಲ್ಕು ತಾಲ್ಲೂಕು ನೋಡಿಕೊಂಡು, ಬೇಕಾದಾಗ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಹೋಗಿ ನಿಲ್ಲಬಲ್ಲವರು ನಾವೇ. ನಮ್ಮ ಪಾಲಿಟೆಕ್ನಿಕ್‌ಗಳು ಪಿಎಲ್‌ಸಿ ಜೊತೆಗೆ ಇದನ್ನೂ ಕಲಿಸಲಿ. ಮಾಲೀಕರೂ ಒಂದು ಮಾತು ಕೊಡಲಿ, ರಿಮೋಟ್ ಬಂತೆಂದು ಯಂತ್ರದ ಪಕ್ಕದಲ್ಲಿರುವವರನ್ನು ಮನೆಗೆ ಕಳಿಸಬೇಡಿ. ಕೀಲಿ ಹಿಡಿಯಲು ಅವರು ಬೇಕು.

ಚನ್ನರಾಯಪಟ್ಟಣದ ಆ ಘಟಕದಲ್ಲಿ ಈಗ ಕೀಲಿ ಸ್ವಿಚ್ ಇದೆ. ನನ್ನ ಸಂಬಳದಲ್ಲೇ ತಂದು ಹಾಕಿದೆ. ಕೀಲಿ ಅದೇ ಹೆಲ್ಪರ್ ಅಣ್ಣನ ಉಡಿದಾರದಲ್ಲಿರುತ್ತದೆ. ಮೊನ್ನೆ ಫೋನ್ ಮಾಡಿ ‘ಅಣ್ಣ, ಸ್ವಲ್ಪ ಬಾಗಿಲು ತೆಗೀತೀರಾ?’ ಎಂದೆ. ‘ತಡಿಯಪ್ಪ, ಎಲ್ಲರ್ನೂ ಆಚೆ ಕಳಿಸಿ ತೆಗೀತೀನಿ’ ಎಂದರು. ಐದು ನಿಮಿಷ ಕಾದೆ. ಯಂತ್ರವೂ ಐದು ನಿಮಿಷ ಕಾಯಿತು. ಯಾರ ಗಂಟೂ ಹೋಗಲಿಲ್ಲ.