ಕುಸ್ವಾರಿನ ತಟ್ಟೆ ಯಾವ ಮನೆಗೆ?

ಕ್ರಿಸ್ಮಸ್ ಹತ್ತಿರ ಬಂತು. ಮಂಜೇಶ್ವರ, ಕಯ್ಯಾರು, ಬೇಳ, ಕಾಸರಗೋಡು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಈಗ ಎಣ್ಣೆಯ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ನೆವ್ರ್ಯೊ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕೀಸ್ ಎಲ್ಲ ಸೇರಿದರೆ ಕುಸ್ವಾರ್. ಹಬ್ಬಕ್ಕೆ ಅದು ತಟ್ಟೆಯಲ್ಲಿ ತುಂಬಿ, ಮೇಲೊಂದು ಬಟ್ಟೆ ಮುಚ್ಚಿಕೊಂಡು ನೆರೆಮನೆಗಳಿಗೆ ಹೋಗುತ್ತದೆ. ಭಟ್ಟರ ಮನೆಗೆ, ಶೆಟ್ಟರ ಮನೆಗೆ, ಬ್ಯಾರಿಗಳ ಮನೆಗೆ. ದೀಪಾವಳಿಗೆ ಬಂದ ಹೋಳಿಗೆಗೆ, ಪೆರ್ನಾಲಿಗೆ ಬಂದ ಬಿರಿಯಾನಿಗೆ ಅದು ಉತ್ತರ. ನೆರೆಮನೆಯ ತಟ್ಟೆಯನ್ನು ಬರಿದಾಗಿ ಹಿಂದೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಭಾಷೆ, ಜಾತಿ, ಪಕ್ಷ ಎಂದು ದಿನ ಬೆಳಗಾದರೆ ಜಗಳ ಕೇಳುವ ಈ ಜಿಲ್ಲೆಯಲ್ಲಿ ಆ ತಟ್ಟೆ ಮಾಡಿರುವ ಕೆಲಸ ಸಣ್ಣದಲ್ಲ.

ಆದರೂ ಹಬ್ಬದ ಹೊತ್ತಿಗೆ ಒಂದು ಮಾತು ಕೇಳಬೇಕೆನಿಸುತ್ತದೆ. ಆ ತಟ್ಟೆ ಹೋಗುವುದು ಯಾರ ಮನೆಗೆ? ನಾಳೆ ತಟ್ಟೆ ತುಂಬಿಸಿ ಹಿಂದೆ ಕಳಿಸಬಲ್ಲವರ ಮನೆಗೇ ಅಲ್ಲವೇ?

ಲೂಕನು ಬರೆದ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಒಬ್ಬ ದೊಡ್ಡ ಮನುಷ್ಯನ ಮನೆಯಲ್ಲಿ ಊಟಕ್ಕೆ ಕೂತು, ಕರೆದವನಿಗೇ ಬಿಸಿ ಮುಟ್ಟಿಸುತ್ತಾನೆ. ನೆಂಟರನ್ನು, ಗೆಳೆಯರನ್ನು, ಹಣವುಳ್ಳ ನೆರೆಯವರನ್ನು ಕರೆದು ಉಣಿಸಿದರೆ ಅವರು ತಿರುಗಿ ನಿನ್ನನ್ನೇ ಕರೆಯುತ್ತಾರೆ, ಅಲ್ಲಿಗೆ ಲೆಕ್ಕ ಚುಕ್ತಾ. ಬಡವರನ್ನು, ನಡೆಯಲಾಗದವರನ್ನು, ಕಣ್ಣು ಕಾಣದವರನ್ನು ಕರೆ, ಅವರ ಹತ್ತಿರ ತಿರುಗಿ ಕೊಡಲು ಏನೂ ಇರುವುದಿಲ್ಲ ಎಂಬುದು ಆ ಮಾತಿನ ಸಾರ. ಕ್ರೈಸ್ತ ಪ್ರೀತಿ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ, ಕ್ಯಾರಲ್ ಹಾಡುವುದು ಇನ್ನೂ ಸುಲಭ. ಈ 14ನೇ ಅಧ್ಯಾಯ ಮಾತ್ರ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂಥವರನ್ನು ಹುಡುಕಿಕೊಂಡು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗೇರು ಚಿಗುರಿ ಹೂ ಬಿಡುವ ಚಳಿಯ ತಿಂಗಳುಗಳು, ಅಂದರೆ ನಾವು ನಕ್ಷತ್ರ ತೂಗುಹಾಕುವ ಇದೇ ದಿನಗಳು, ಆ ವಿಷ ಸಿಂಪಡಿಸುವ ಕಾಲವೂ ಆಗಿತ್ತು. ಟೀ ಸೊಳ್ಳೆಗೆಂದು ಬಿಟ್ಟದ್ದು ಬಾವಿಗೆ, ತೋಡಿಗೆ, ಅಂಗಳಕ್ಕೆ ಬಿತ್ತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ ಹನ್ನೊಂದು ಪಂಚಾಯತುಗಳು ಬಾಧಿತ ಎಂದು ಪಟ್ಟಿಯಾದವು. ಇವುಗಳಲ್ಲಿ ಹಲವು ಕನ್ನಡ, ತುಳು ಮಾತಾಡುವ ಊರುಗಳೇ. 1890ರಲ್ಲಿ ಕಟ್ಟಿದ ಬೇಳದ ಇಗರ್ಜಿ ಇರುವ ಬದಿಯಡ್ಕ ಪಂಚಾಯತೇ ಆ ಪಟ್ಟಿಯಲ್ಲಿ ಉಂಟು.

ಪಡ್ರೆಯ ಆ ಊರಿನ ಹೆಸರು ಸ್ವರ್ಗ. ಅದರ ಬಗ್ಗೆ ಬರೆದವರೆಲ್ಲ ಈ ಹೆಸರಿನ ವಿಪರ್ಯಾಸವನ್ನು ಹೇಳಿ ಹೇಳಿ ಈಗ ಅದು ಸವೆದು ಹೋಗಿದೆ. ಮತ್ತೆ ಹೇಳುವುದು ಬೇಡ.

ಈ ಸಂಕಟವನ್ನು ಮೊದಲು ಕಂಡು ಹೊರಗೆ ಹೇಳಿದವರು ಯಾರು ಎಂಬುದನ್ನು ಮಾತ್ರ ನೆನೆಯಬೇಕು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಕೋರ್ಟು ಹತ್ತಿದ ಲೀಲಾಕುಮಾರಿ ಅಮ್ಮ. ಇವರು ಯಾರೂ ಶಿಲುಬೆ ಹಿಡಿದು ಬಂದವರಲ್ಲ. ಲೂಕನದೇ 10ನೇ ಅಧ್ಯಾಯದ ಕಥೆಯಲ್ಲಿ ದಾರಿಬದಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿದ್ದು ಕೂಡ ಯಾಜಕನಲ್ಲ, ಜನ ದೂರ ಇಟ್ಟಿದ್ದ ಸಮಾರ್ಯದವನು. ಪ್ರೀತಿಗೆ ನಮ್ಮ ಹೆಸರಿನ ಮುದ್ರೆ ಒತ್ತಲು ಹೊರಡುವ ಮೊದಲು ಇದು ತಿಳಿದಿದ್ದರೆ ಒಳ್ಳೆಯದು.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ತಡೆ ಹಾಕಿತು. ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಕೋರ್ಟು ಗದರಿಸಿದ ಮೇಲೆ ಬಹಳಷ್ಟು ಮನೆಗಳಿಗೆ ಹಣ ತಲುಪಿತು. ಸರಕಾರದ್ದು ಸರಕಾರವೇ ಮಾಡಬೇಕು. ಚರ್ಚಿನವರು ಕೇಕು ಹಂಚಿದ್ದರಿಂದ ಯಾವ ಇಲಾಖೆಯ ಸಾಲವೂ ತೀರುವುದಿಲ್ಲ.

"ಹಣ ಬಂತಲ್ಲ, ಇನ್ನೆಂತ ಬೇಕು?" ಎನ್ನುವವರು ಉಂಟು. ಹೀಗೆ ಕೇಳುವವರು ಒಮ್ಮೆ ಅಂಥ ಮನೆಯಲ್ಲಿ ಅರ್ಧ ದಿನ ಕೂತು ನೋಡಬೇಕು. ತೊಂಬತ್ತರ ದಶಕದಲ್ಲಿ ಹುಟ್ಟಿದ ಮಗು ಈಗ ಮೂವತ್ತು ದಾಟಿದ ಆಳು. ಎತ್ತಿ ಕೂರಿಸಬೇಕು, ತಿನ್ನಿಸಬೇಕು, ತೊಳೆಯಬೇಕು. ಆಗ ಎತ್ತುತ್ತಿದ್ದ ತಾಯಿಗೆ ಈಗ ಅರುವತ್ತರ ಆಚೆಯ ಪ್ರಾಯ, ಸೊಂಟ ಹಿಡಿದಿದೆ. ಬ್ಯಾಂಕಿಗೆ ಹೋಗಬೇಕಾದರೆ, ತವರಿನ ಮದುವೆಗೆ ಹೋಗಬೇಕಾದರೆ ಇವನನ್ನು ಯಾರ ಕೈಯಲ್ಲಿ ಬಿಡುವುದು? ಹಬ್ಬ ಜಾತ್ರೆ ಬಿಟ್ಟು ಎಷ್ಟೋ ವರ್ಷಗಳಾದ ತಾಯಂದಿರು ಅವರು. ನಾನು ಹೋದ ಮೇಲೆ ಇವನಿಗೆ ಯಾರು ಎಂಬ ಪ್ರಶ್ನೆಯನ್ನು ಈ ತಾಯಂದಿರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 5 ಲಕ್ಷದ ಚೆಕ್ಕು ಅದಕ್ಕೆ ಉತ್ತರ ಕೊಡುವುದಿಲ್ಲ.

ರಜೆ ಬಂದರೆ ಇನ್ನೂ ಕಷ್ಟ. ಬಡ್ಸ್ ಶಾಲೆಯಂಥ ಕಡೆ ಹಗಲು ಇರುವ ಮಕ್ಕಳು ಕ್ರಿಸ್ಮಸ್ ರಜೆ ಸಿಕ್ಕಿತೆಂದರೆ ದಿನವಿಡೀ ಮನೆಯಲ್ಲೇ. ನಮಗೆ ಹಬ್ಬದ ಗೌಜಿ ಜೋರಾಗುವ ದಿನಗಳಲ್ಲೇ ಆ ತಾಯಿಗೆ ಕೈಬಿಡುವು ಇಲ್ಲದ ದಿನಗಳು.

ಕ್ರಿಸ್ಮಸ್ ತಾತನ ವೇಷ ಹಾಕಿ ವ್ಯಾನಿನಲ್ಲಿ ಬಂದು, ಕೇಕು ಕೊಟ್ಟು, ಮಂಚದ ಹತ್ತಿರ ನಿಂತು ಫೋಟೋ ಹೊಡೆಸಿ ವಾಟ್ಸ್‌ಆ್ಯಪಿಗೆ ಹಾಕುವ ಸೇವೆ ಬೇಡ. ಹೋಗಿ ಬಂದವರಿಗೆ ಅದರಿಂದ ಸಮಾಧಾನ ಸಿಗಬಹುದು, ಮಲಗಿದವನ ಮಾನ ಹೋಗುತ್ತದೆ. ಬೇಕಾದ್ದು ಎರಡು ಗಂಟೆ ಹೊತ್ತು. ಇಬ್ಬರು ಹೆಂಗಸರು ಹೋಗಿ, "ಅಕ್ಕ, ನಾವು ಇಲ್ಲಿ ಕೂತಿರುತ್ತೇವೆ, ನೀವು ಪೇಟೆಗೆ ಹೋಗಿ ಬನ್ನಿ" ಎನ್ನಬೇಕು. ಮೊದಲ ದಿನ ಅಕ್ಕ ಒಪ್ಪಲಿಕ್ಕಿಲ್ಲ. ಗುರುತು ಇಲ್ಲದವರ ಕೈಗೆ ಮಗನನ್ನು ಬಿಟ್ಟು ಹೋಗುವುದು ಯಾವ ತಾಯಿಗೂ ಆಗುವ ಕೆಲಸವಲ್ಲ. ಎರಡನೇ ಸಲ, ಮೂರನೇ ಸಲ ಹೋಗಬೇಕಾದೀತು. ಮಗು ಏನು ತಿನ್ನುತ್ತದೆ, ಹೇಗೆ ತಿರುಗಿಸಿ ಮಲಗಿಸಬೇಕು, ಅಪಸ್ಮಾರ ಬಂದರೆ ಏನು ಮಾಡಬೇಕು ಎಂದು ಅವರಿಂದಲೇ ಕಲಿಯಬೇಕು. ಯುವಕರು ಇನ್ನೊಂದು ಕೆಲಸ ಮಾಡಬಹುದು. ಆಸ್ಪತ್ರೆಯಿಂದಲೋ ಕಚೇರಿಯಿಂದಲೋ ಬಂದ ಕಾಗದ ಮಲಯಾಳದಲ್ಲಿದ್ದು ಮನೆಯವರಿಗೆ ಕನ್ನಡ ಮಾತ್ರ ಗೊತ್ತಿದ್ದರೆ ಕೂತು ಓದಿ ಹೇಳುವುದು, ಉತ್ತರ ಬರೆದು ಕೊಡುವುದು. ಭಾಷೆ ಬಾರದೆ ತಪ್ಪಿಹೋಗುವ ಸೌಲಭ್ಯ ಎಂಥದ್ದೆಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇದು ಹೊಸ ಯೋಚನೆಯೇನಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತರ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಸಂತ ವಿನ್ಸೆಂಟ್ ದೆ ಪಾವ್ಲ್ ಹೆಸರಿನ ಸಭೆ ಆರಂಭಿಸಿದಾಗ ಹಾಕಿಕೊಂಡ ಕ್ರಮವೇ ಬಡವರ ಮನೆಗೆ ತಾವಾಗಿ ಹೋಗುವುದು. ಚರ್ಚಿನ ಬಾಗಿಲಲ್ಲಿ ಸಾಲು ನಿಲ್ಲಿಸಿ ಹಂಚುವುದು ಅವರ ಮಾದರಿಯಾಗಿರಲಿಲ್ಲ. ಮನೆಗೆ ಹೋಗಿ, ಕೂತು, ಮಾತಾಡಿ ಬರುವ ಆ ಹಳೆಯ ಕ್ರಮಕ್ಕೆ ಡಿಸೆಂಬರಿನಲ್ಲಿ ಜೀವ ಬಂದರೆ ಸಾಕು.

ಗೋದಲಿಯ ವಿಷಯವೂ ಅಷ್ಟೆ. ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಇಟಲಿಯ ಹಳ್ಳಿಯಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆ ತಂದು ನಿಲ್ಲಿಸಿದ್ದು ದೇವರು ಎಷ್ಟು ಬಡತನದಲ್ಲಿ ಹುಟ್ಟಿದ ಎಂದು ಜನರ ಕಣ್ಣಿಗೆ ಕಾಣಲೆಂದು. ಈಗ ಮೋಟಾರು ಇಟ್ಟು ಜಲಪಾತ ಹರಿಸುತ್ತೇವೆ, ಬಹುಮಾನಕ್ಕೆ ಸ್ಪರ್ಧೆ ಇಡುತ್ತೇವೆ. ಮಕ್ಕಳ ಕೈಚಳಕ ನೋಡಲು ಚೆಂದವೇ, ಸ್ಪರ್ಧೆ ನಿಲ್ಲಿಸಿ ಎನ್ನುವಷ್ಟು ಒಣಗಿದವರು ನಾವಲ್ಲ. ಆ ಮಕ್ಕಳನ್ನೇ ಒಂದು ದಿನ ಪಕ್ಕದ ವಾಳೆಯ ಅಂಥ ಒಂದು ಮನೆಯ ಜಗಲಿಯಲ್ಲಿ ಚಿಕ್ಕದೊಂದು ಗೋದಲಿ ಕಟ್ಟಿ ಕೊಡಲು ಕಳಿಸಿದರೆ ಹೇಗೆ? ಮನೆಯವರು ಬೇಕೆಂದರೆ ಮಾತ್ರ.

ಈ "ಬೇಕೆಂದರೆ ಮಾತ್ರ" ಎಂಬುದು ಮುಖ್ಯ. ಈ ಮನೆಗಳಲ್ಲಿ ಬಹುಪಾಲು ಹಿಂದೂಗಳ, ಮುಸ್ಲಿಮರ ಮನೆಗಳು. ಕಾಲ ಎಂಥದ್ದು ಎಂದು ಎಲ್ಲರಿಗೂ ಗೊತ್ತುಂಟು. ಹೋಗುವವರು ಪ್ರಸಂಗ ಮಾಡಲು ಹೋಗುವುದು ಬೇಡ, ಕರಪತ್ರ ಒಯ್ಯುವುದಂತೂ ಬೇಡವೇ ಬೇಡ. ಊರಿನ ಆಶಾ ಕಾರ್ಯಕರ್ತೆಯನ್ನೋ ವಾರ್ಡಿನ ಸದಸ್ಯರನ್ನೋ ಕೇಳಿ, ಜತೆಗೆ ನೆರೆಯ ಭಟ್ಟರನ್ನೋ ಬ್ಯಾರಿಯನ್ನೋ ಕರೆದುಕೊಂಡೇ ಹೋಗಲಿ. ಕುಸ್ವಾರಿನ ತಟ್ಟೆ ಇಷ್ಟು ವರ್ಷ ತಿರುಗಿದ್ದರಿಂದ ಹುಟ್ಟಿದ ಸಲುಗೆ ಉಂಟಲ್ಲ, ಅದು ಉಪಯೋಗಕ್ಕೆ ಬರಬೇಕಾದ ಕಡೆ ಇದು.

ಪೂರ್ವದ ಗುಡ್ಡಗಳ ಕಡೆ, 1943ರಲ್ಲಿ ತೆಂಕಣದಿಂದ ಬಂದು ರಾಜಪುರದಲ್ಲಿ ನೆಲೆಸಿದ ಮಲಯಾಳಿ ಕ್ರೈಸ್ತರಿದ್ದಾರೆ. ಅವರ ಕಳ್ಳಾರ್ ಪಂಚಾಯತೂ ಅದೇ ಪಟ್ಟಿಯಲ್ಲಿ ಸೇರಿದೆ. ಕೊಂಕಣಿಯವರದ್ದೊಂದು ಕ್ರಿಸ್ಮಸ್, ಮಲಯಾಳಿಗಳದ್ದೊಂದು ಕ್ರಿಸ್ಮಸ್ ಎಂದು ಬೇರೆಬೇರೆ ಆಗಿರುವುದು ಸಹಜ. ಈ ಒಂದು ಕೆಲಸದಲ್ಲಿ ಎರಡೂ ಕಡೆಯವರು ಮಾತಾಡಿಕೊಳ್ಳಬಹುದು.

ರಜೆ ಸುರುವಾಗಲು ಹೆಚ್ಚು ದಿನ ಉಳಿದಿಲ್ಲ. ವಾಳೆಯ ಗುರಿಕಾರರು ಈ ಆದಿತ್ಯವಾರ ಪೂಜೆ ಮುಗಿದ ಮೇಲೆ ಒಂದು ಪುಸ್ತಕ ಹಿಡಿದು ಇಗರ್ಜಿಯ ಅಂಗಳದಲ್ಲಿ ನಿಲ್ಲಲಿ. ಯಾರಿಗೆ ಯಾವ ದಿನ ಎರಡು ಗಂಟೆ ಬಿಡುವು ಉಂಟು ಎಂದು ಹೆಸರಿನೆದುರು ಬರೆಸಿಕೊಳ್ಳಲಿ. ಜನವರಿ ತಿಂಗಳಿಗೂ ಕೆಲವು ಹಾಳೆ ಬಿಟ್ಟಿರಲಿ.