ಸಮುದ್ರಯಾನ ಮತ್ತು ನಿತ್ಯಪೂಜೆ

ಪ್ರಶ್ನೆ: ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕೆಂದು ಮಕ್ಕಳ ಆಸೆ. ಲಿಂಗಪೂಜೆಗೆ ಭಂಗವಾದೀತೆಂದು ಅತ್ತೆಯವರು ಒಪ್ಪುತ್ತಿಲ್ಲ. ಏನು ಮಾಡಲಿ?
— ಗೃಹಿಣಿ, ಮೂಡಿಗೆರೆ

ಉತ್ತರ: ಇಷ್ಟಲಿಂಗವು ಅಂಗದೊಡನೆಯೇ ಚಲಿಸುವಂಥದು, ಕರಸ್ಥಲವೇ ಅದಕ್ಕೆ ಪೀಠ. ಆದುದರಿಂದ ಭಂಗದ ಮಾತಿಲ್ಲ. ಬೆಂಕಿಯ ಅಪಾಯವಿರುವುದರಿಂದ ಹಡಗಿನ ಕೋಣೆಯಲ್ಲಿ ದೀಪ, ಕರ್ಪೂರ ಹಚ್ಚಲು ಬಿಡುವುದಿಲ್ಲ. ವಿಭೂತಿ, ಪತ್ರೆ, ತುಸು ನೀರು ಸಾಕು. ಕಡಲಿಗಿಳಿಯುವಾಗ ಶಿವದಾರ ಬಿಗಿಯಾಗಿರಲಿ.

ದ್ವೀಪಪ್ರವೇಶದ ಅನುಮತಿಪತ್ರವನ್ನು ಮೊದಲೇ ಪಡೆಯಿರಿ; ಸಸ್ಯಾಹಾರದ ವ್ಯವಸ್ಥೆಯನ್ನು ಟಿಕೇಟು ಕೊಳ್ಳುವಾಗಲೇ ವಿಚಾರಿಸಿರಿ. ರೋಬಸ್ಟಾ ಕೊಯ್ಲು ಮುಗಿದ ಮೇಲೆ, ಜೂನ್ ಮಳೆಗೆ ಮುಂಚೆ ಹೊರಡುವುದು ಲೇಸು; ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ.

ಪೂಜೆಯ ಮಾತಿನ ಹಿಂದೆ ಕಡಲಿನ ಭಯವೂ ಅಡಗಿದ್ದೀತು. ಅತ್ತೆಯವರನ್ನು ಪ್ರೀತಿಯಿಂದ ಕೇಳಿರಿ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ. ಅಲ್ಲಿಯೇ ಕೋಣೆ ಹಿಡಿಯಿರಿ. ಆಗಲೂ ಒಲ್ಲೆನೆಂದರೆ ಒತ್ತಾಯ ಬೇಡ, ಒಬ್ಬರನ್ನೇ ಬಿಟ್ಟು ಹೋಗುವುದೂ ಬೇಡ, ಮನೆಯಲ್ಲಿ ಜೊತೆಗೊಬ್ಬರಿರಲಿ.