ಬೆಳ್ಳಿತೆರೆಯ ಮಹಿಳೆ: ಬಣ್ಣದ ಪೆಟ್ಟಿಗೆ ಸಿಕ್ಕಿತು, ಲೆಕ್ಕದ ಪುಸ್ತಕ ಸಿಗಲಿಲ್ಲ

ದೇಗಾಂವ: ಕಿತ್ತೂರಿನಿಂದ ಕೆಲವೇ ಕಿಲೋಮೀಟರ್ ದೂರದ ಈ ಗ್ರಾಮದ ಕಮಲನಾರಾಯಣ ದೇವಾಲಯ ಹನ್ನೆರಡನೆಯ ಶತಮಾನದ್ದು. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಅದನ್ನು ಕಟ್ಟಿಸಿದಳು. ಕಡೆದ ಶಿಲ್ಪಿ ತಿಪ್ಪೋಜ. ಹಣ ಹೂಡಿದ ಹೆಣ್ಣಿನ ಹೆಸರು ದೇವರ ಹೆಸರಿನೊಂದಿಗೆ ಬೆಸೆದುಕೊಂಡು ಎಂಟು ಶತಮಾನ ದಾಟಿ ಉಳಿದುಬಂದಿದೆ.

ಇದೇ ಸೀಮೆಯ ಹೆಸರು ಬೆಳ್ಳಿತೆರೆಯ ಮೇಲೆ ಮೂಡಿದ್ದು 1961ರಲ್ಲಿ. ಬಿ.ಆರ್. ಪಂತುಲು ನಿರ್ಮಿಸಿ ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ರಾಣಿಯಾಗಿ ಕಾಣಿಸಿಕೊಂಡವರು ಬಿ. ಸರೋಜಾದೇವಿ. 2025ರ ಜುಲೈನಲ್ಲಿ ಅವರು ನಿಧನರಾದಾಗ ನಾಡಿನಾದ್ಯಂತ ಮೊದಲು ನೆನಪಾದ ಪಾತ್ರಗಳಲ್ಲಿ ಇದೂ ಒಂದು. ಖಡ್ಗ ಹಿಡಿದು ಕಪ್ಪ ಕೇಳಿದವರನ್ನು ಎದುರಿಸಿದ ರಾಣಿಯ ಪಾತ್ರ ಹೆಣ್ಣಿನದು, ಅಭಿನಯ ಹೆಣ್ಣಿನದು. ಬಂಡವಾಳ, ಹಂಚಿಕೆ, ಗಲ್ಲಾಪೆಟ್ಟಿಗೆಯ ಲೆಕ್ಕ ಮಾತ್ರ ಅಂದಿಗೂ ಇಂದಿಗೂ ಬಹುಪಾಲು ಗಂಡಸರದು. ಕನ್ನಡ ಚಿತ್ರರಂಗದಲ್ಲಿ ಮಹಿಳೆಯ ಸ್ಥಾನಮಾನ ಕುರಿತ ಚರ್ಚೆ ಸಂಭಾವನೆ ಮತ್ತು ಸುರಕ್ಷತೆಯ ಸುತ್ತ ಸುತ್ತುತ್ತಿರುವ ಈ ದಿನಗಳಲ್ಲಿ, ವ್ಯವಹಾರ ಜ್ಞಾನದ ಪ್ರಶ್ನೆ ಯಾರ ಗಮನಕ್ಕೂ ಬಾರದೆ ಬದಿಗೆ ಸರಿದಿದೆ.

ಚರ್ಚೆಗೆ ಈಗ ತಕ್ಕ ಸಂದರ್ಭವೂ ಇದೆ. 2025ರ ಮಾರ್ಚ್‌ನಲ್ಲಿ ಮಂಡಿಸಿದ ರಾಜ್ಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚಲನಚಿತ್ರ ಕ್ಷೇತ್ರಕ್ಕೆ ಉದ್ಯಮದ ಸ್ಥಾನಮಾನ ನೀಡಿ, ಕೈಗಾರಿಕಾ ನೀತಿಯಡಿ ಸಿಗುವ ಸೌಲಭ್ಯಗಳನ್ನು ವಿಸ್ತರಿಸುವುದಾಗಿ ಪ್ರಕಟಿಸಿದರು. ಮೈಸೂರಿನಲ್ಲಿ 150 ಎಕರೆ ಜಾಗದಲ್ಲಿ 500 ಕೋಟಿ ರೂ. ವೆಚ್ಚದ ಚಿತ್ರನಗರಿ, ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ಕೂಡ ಅದೇ ಬಜೆಟ್‌ನ ಘೋಷಣೆಗಳು. ಉದ್ಯಮವೆಂದು ಕರೆದ ಮೇಲೆ ಉದ್ಯಮಿ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೊದಲ ಹೆಜ್ಜೆಗಳು

ಮಹಿಳೆಯರು ಈ ವ್ಯವಹಾರಕ್ಕೆ ಹೊಸಬರೇನಲ್ಲ ಎಂಬುದು ಗಮನಾರ್ಹ. ಎಂ.ವಿ. ರಾಜಮ್ಮ 1943ರಷ್ಟು ಹಿಂದೆಯೇ 'ರಾಧಾರಮಣ' ಚಿತ್ರದ ನಿರ್ಮಾಣಕ್ಕೆ ಕೈಹಾಕಿದ್ದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡು ಆಗ ಇನ್ನೂ ಒಂಬತ್ತು ವರ್ಷ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈ ಚಿತ್ರರಂಗದಲ್ಲಿ ಹಾಡಿ ಗಳಿಸಿದ ಖ್ಯಾತಿ ಎಲ್ಲರಿಗೂ ಗೊತ್ತು. ಆದರೆ ವಿಜಯಪುರದ ಅಮೀರ್ ಟಾಕೀಸ್‌ಗೆ ಆ ಹೆಸರು ಬಂದದ್ದು ಅವರಿಂದಲೇ ಎಂಬುದನ್ನು ಅಲ್ಲಿ ಸಿನಿಮಾ ನೋಡಿದವರಲ್ಲೂ ಅನೇಕರು ಅರಿಯರು. ಗಾಯಕಿಯೊಬ್ಬರು ಗಳಿಕೆಯನ್ನು ಚಿತ್ರಮಂದಿರದಲ್ಲಿ ತೊಡಗಿಸುವುದೆಂದರೆ ಅದು ದುಡಿದ ಹಣವನ್ನು ದುಡಿಯುವ ಆಸ್ತಿಯನ್ನಾಗಿ ಮಾರ್ಪಡಿಸುವ ವ್ಯವಹಾರ ಬುದ್ಧಿ.

ಈ ಬುದ್ಧಿ ಎಲ್ಲಿಂದ ಬಂತು? ಶಾಲೆಯಿಂದಂತೂ ಅಲ್ಲ. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯನ್ನು ಬಲ್ಲವರಿಗೆ ಉತ್ತರ ಹೊಳೆದೀತು. ಕಂಪನಿ ನಾಟಕದಲ್ಲಿ ನಟಿಯಾದವಳು ಸಂಜೆ ಬಣ್ಣ ಹಚ್ಚುವ ಮುನ್ನ ಟಿಕೆಟ್ ಮಾರಾಟದ ಲೆಕ್ಕವನ್ನೂ ನೋಡುತ್ತಿದ್ದಳು. ಊರು ಬದಲಿಸುವಾಗ ಲಾರಿ ಬಾಡಿಗೆ, ಥಿಯೇಟರ್ ಜಾಗದ ಬಾಡಿಗೆ, ಕಲಾವಿದರ ಮುಂಗಡ ಎಲ್ಲವೂ ಅವಳ ಕಣ್ಣೆದುರೇ ಇತ್ಯರ್ಥವಾಗುತ್ತಿದ್ದವು. ಚಿಂದೋಡಿ ಲೀಲಾ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮುನ್ನಡೆಸಿದ್ದು, ಆರ್. ನಾಗರತ್ನಮ್ಮ ಮೈಸೂರಿನಲ್ಲಿ 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿದ್ದು ಈ ಪಾಠಶಾಲೆಯ ಬಲದಿಂದಲೇ. ಸಿನಿಮಾದಲ್ಲಿ ಈ ನಂಟು ಕಡಿಯಿತು. ನಟಿ ಕ್ಯಾಮೆರಾದ ಎದುರಿಗೆ ಬಂದು ಹೋಗುವವಳಾದಳು. ಹಣದ ಮಾತು ಗಾಂಧಿನಗರದ ಕಚೇರಿಗಳಲ್ಲಿ, ಅವಳು ಇಲ್ಲದ ಹೊತ್ತಿನಲ್ಲಿ ನಡೆಯತೊಡಗಿತು.

ಅಪವಾದಗಳಲ್ಲಿ ಮೊದಲು ನೆನಪಾಗುವವರು ಪಾರ್ವತಮ್ಮ ರಾಜಕುಮಾರ್. 1975ರ 'ತ್ರಿಮೂರ್ತಿ'ಯಿಂದ ನಿರ್ಮಾಣ ಆರಂಭಿಸಿದ ಅವರು ಕಥೆಯ ಆಯ್ಕೆಯಿಂದ ಹಂಚಿಕೆಯವರೆಗೆ ಉದ್ಯಮದ ಎಲ್ಲ ಮಜಲುಗಳನ್ನೂ ಕೈಯಾರೆ ನಡೆಸಿದರು. 2017ರಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿ ಬರಹಗಳಲ್ಲಿ 'ವರನಟನ ಪತ್ನಿ' ಎಂಬ ವಿಶೇಷಣ ತಪ್ಪಲಿಲ್ಲ. ಆದರೆ ಚಿತ್ರೋದ್ಯಮದ ಮಂದಿ ಅವರೊಡನೆ ವ್ಯವಹರಿಸುತ್ತಿದ್ದುದು ಚೌಕಾಸಿ ಬಲ್ಲ, ಮಾರುಕಟ್ಟೆ ಬಲ್ಲ ನಿರ್ಮಾಪಕಿಯೆಂದೇ. ಜಯಮಾಲಾ ನಿರ್ಮಿಸಿದ 'ತಾಯಿ ಸಾಹೇಬ' (1997) ಮತ್ತು ಸೌಂದರ್ಯ ನಿರ್ಮಿಸಿದ 'ದ್ವೀಪ' (2002) ಎರಡೂ ಸ್ವರ್ಣಕಮಲ ಪಡೆದವು. ಎರಡೂ ಗಿರೀಶ ಕಾಸರವಳ್ಳಿ ನಿರ್ದೇಶನದ ಚಿತ್ರಗಳಾದ್ದರಿಂದ ನಿರ್ದೇಶಕರ ಹೆಸರು ಜನಮನದಲ್ಲಿ ಉಳಿಯಿತು. ಮಾರುಕಟ್ಟೆಯ ಭರವಸೆಯಿಲ್ಲದ ಇಂಥ ಚಿತ್ರಗಳಿಗೆ ಹಣ ಹೂಡುವ ಧೈರ್ಯ ತೋರಿದ ಇಬ್ಬರು ನಟಿಯರ ಮಾತು ಅಷ್ಟಾಗಿ ಬರುವುದಿಲ್ಲ. ಜಯಮಾಲಾ 2008ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಅಧ್ಯಕ್ಷರಾದಾಗ, 1944ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮಹಿಳೆಯೊಬ್ಬರು ಅಧ್ಯಕ್ಷರಾದದ್ದು ಅದೇ ಮೊದಲು.

ಇತ್ತೀಚಿನ ವರ್ಷಗಳಲ್ಲಿ ಸಂಖ್ಯೆ ಏರಿದೆ. ಅಶ್ವಿನಿ ಪುನೀತ್ ರಾಜಕುಮಾರ್ ಪಿಆರ್‌ಕೆ ಪ್ರೊಡಕ್ಷನ್ಸ್ ನಡೆಸುತ್ತಿದ್ದಾರೆ. ಆ ಸಂಸ್ಥೆ 2023ರಲ್ಲಿ ತೆರೆಗೆ ತಂದ 'ಆಚಾರ್ ಅಂಡ್ ಕೋ' ಚಿತ್ರದ ನಿರ್ದೇಶಕಿ ಸಿಂಧು ಶ್ರೀನಿವಾಸಮೂರ್ತಿ, ಸಂಗೀತ ಬಿಂದುಮಾಲಿನಿ ಅವರದು. ರಮ್ಯಾ 2022ರಲ್ಲಿ ಆ್ಯಪಲ್ ಬಾಕ್ಸ್ ಸ್ಟುಡಿಯೋಸ್ ಆರಂಭಿಸಿದರು. ಶ್ರುತಿ ನಾಯ್ಡು ಕಿರುತೆರೆಯ ಧಾರಾವಾಹಿಗಳಿಂದ ಹಿರಿತೆರೆಗೆ ಬಂದರು. ಗಮನಿಸಬೇಕಾದ ಅಂಶವೆಂದರೆ, ಇವರಲ್ಲಿ ಹೆಚ್ಚಿನವರಿಗೆ ತಾರಾಮೌಲ್ಯ, ಕುಟುಂಬದ ಹೆಸರು, ವರ್ಷಗಳ ಸಂಪರ್ಕ ಇವುಗಳಲ್ಲಿ ಯಾವುದಾದರೊಂದು ಬೆನ್ನಿಗಿತ್ತು. ಇವಾವುವೂ ಇಲ್ಲದ ಹೆಣ್ಣುಮಗಳಿಗೆ ದಾರಿ ಯಾವುದು?

(ನಿರ್ದೇಶಕಿ ಸುಮನಾ ಕಿತ್ತೂರು ಅವರನ್ನು ಹೆಸರು ಕೇಳಿ ಈ ಭಾಗದವರೆಂದು ಭಾವಿಸುವವರುಂಟು. 'ಕಿರಗೂರಿನ ಗಯ್ಯಾಳಿಗಳು' ನಿರ್ದೇಶಿಸಿದ ಅವರ ಕಿತ್ತೂರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು. ಚೆನ್ನಮ್ಮನ ಕಿತ್ತೂರಿನ ಸರದಿ ಇನ್ನೂ ಬರಬೇಕಿದೆ.)

ಸಾಲ ಉಂಟು, ಪಟ್ಟಿಯಲ್ಲಿ ಹೆಸರಿಲ್ಲ

ದೇಗಾಂವದಿಂದ ಗಾಂಧಿನಗರಕ್ಕೆ ಸುಮಾರು 450 ಕಿ.ಮೀ. ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇರುವುದು ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿ. ಛಾಯಾಗ್ರಹಣ, ಧ್ವನಿಗ್ರಹಣ ಕಲಿಸುವ ಈ ಹಳೆಯ ಸಂಸ್ಥೆ ಕುಶಲ ತಂತ್ರಜ್ಞರನ್ನು ನಾಡಿಗೆ ನೀಡಿದೆ. ಆದರೆ ಕ್ಯಾಮೆರಾ ಹಿಡಿಯಲು ಕಲಿತವರು ಚಿತ್ರದ ಆಯವ್ಯಯ ಪಟ್ಟಿ ಹೇಗೆ ಸಿದ್ಧಪಡಿಸಬೇಕು, ಉಪಗ್ರಹ ಹಕ್ಕು ಹೇಗೆ ಮಾರಬೇಕು ಎಂಬುದನ್ನು ವೃತ್ತಿಗೆ ಇಳಿದ ಮೇಲೆ, ಬಹುತೇಕ ನಷ್ಟ ಮಾಡಿಕೊಂಡು ಕಲಿಯಬೇಕಾಗಿದೆ.

ಉದ್ಯಮಶೀಲತೆ ಕಲಿಸುವ ಸಂಸ್ಥೆ ಮಾತ್ರ ಈ ಊರಿಗೆ ಹತ್ತಿರದಲ್ಲೇ ಇದೆ. ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರದ (ಸಿಡಾಕ್) ಕೇಂದ್ರ ಕಚೇರಿ ಧಾರವಾಡದಲ್ಲಿದೆ. ಬಸ್ಸು ಸಿಕ್ಕರೆ ಒಂದು ಗಂಟೆಯ ಹಾದಿ. ಬೆಂಗಳೂರಿನ 'ಅವೇಕ್' ಮಹಿಳಾ ಉದ್ಯಮಿಗಳ ಸಂಘ 1983ರಿಂದ ಇದೇ ಕೆಲಸ ಮಾಡುತ್ತ ಬಂದಿದೆ. ಕೊರತೆ ಇರುವುದು ಈ ಎರಡು ಲೋಕಗಳ ನಡುವೆ. ಸಿನಿಮಾ ಕಲಿಸುವಲ್ಲಿ ವ್ಯವಹಾರವಿಲ್ಲ. ವ್ಯವಹಾರ ಕಲಿಸುವಲ್ಲಿ ಹೊಲಿಗೆ, ಹಪ್ಪಳ, ಬ್ಯೂಟಿ ಪಾರ್ಲರ್‌ಗಳಿಗೆ ಸಿಗುವ ಜಾಗ ಸಿನಿಮಾಕ್ಕಿಲ್ಲ.

ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ' ಯೋಜನೆಯನ್ನೇ ನೋಡಿ. 3 ಲಕ್ಷ ರೂ.ವರೆಗೆ ಬ್ಯಾಂಕ್ ಸಾಲ. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಶೇ. 50, ಇತರರಿಗೆ ಶೇ. 30ರಷ್ಟು, ಗರಿಷ್ಠ 90 ಸಾವಿರ ರೂ. ಸಹಾಯಧನ. ಒಂದು ಮಧ್ಯಮ ದರ್ಜೆಯ ಕ್ಯಾಮೆರಾ, ಸಂಕಲನಕ್ಕೆ ತಕ್ಕ ಕಂಪ್ಯೂಟರ್ ಕೊಳ್ಳಲು ಈ ಮೊತ್ತ ಸಾಕು. ಮದುವೆ ಚಿತ್ರೀಕರಣ, ಜಾಹೀರಾತು ತುಣುಕು, ಯೂಟ್ಯೂಬ್ ವಾಹಿನಿ ಹೀಗೆ ಸಣ್ಣ ಪ್ರಮಾಣದಲ್ಲಿ ವೃತ್ತಿ ಆರಂಭಿಸಬಹುದು. ಆದರೆ ಯೋಜನೆಯಡಿ ಸಾಲ ನೀಡಲು ಬ್ಯಾಂಕುಗಳು ಪ್ರಕಟಿಸಿದ 88 ಉದ್ಯಮಗಳ ಪಟ್ಟಿಯಲ್ಲಿ ಕಾಣಿಸುವುದು ಆಡಿಯೊ-ವಿಡಿಯೊ ಕ್ಯಾಸೆಟ್ ಅಂಗಡಿ, ಎಸ್‌ಟಿಡಿ ಬೂತ್! ಕ್ಯಾಸೆಟ್ ಕಣ್ಮರೆಯಾಗಿ ಎಷ್ಟೋ ವರ್ಷ ಕಳೆದವು. ಅರ್ಜಿ ಹಿಡಿದು ಬರುವ ಹೆಣ್ಣುಮಗಳು ತನ್ನ ಕೆಲಸವನ್ನು 'ಫೋಟೊ ಸ್ಟುಡಿಯೊ' ಎಂಬ ಹಳೆಯ ಹೆಸರಿನೊಳಗೆ ತುರುಕಬೇಕು, ಇಲ್ಲವೆ ಬ್ಯಾಂಕ್ ಅಧಿಕಾರಿಯ ಔದಾರ್ಯವನ್ನು ನಂಬಬೇಕು.

ಸಿನಿಮಾ ಸಹಾಯಧನದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ರಾಜ್ಯ ಸರ್ಕಾರ ವರ್ಷಕ್ಕೆ ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುವ ಪದ್ಧತಿ ರೂಢಿಯಲ್ಲಿದೆ. ಅದು ಕೈಸೇರುವುದು ಚಿತ್ರ ಪೂರ್ಣಗೊಂಡು, ಪ್ರಮಾಣಪತ್ರ ಪಡೆದ ಮೇಲೆ. ಅಂದರೆ ಮೊದಲೇ ಹಣ ಹೊಂದಿಸಬಲ್ಲವರಿಗೆ ಮಾತ್ರ ನೆರವು. ಅಡವಿಡಲು ಆಸ್ತಿ ತನ್ನ ಹೆಸರಿನಲ್ಲಿಲ್ಲದ ಮಹಿಳೆ ಆ ಹಂತದವರೆಗೆ ಬರುವುದೇ ಕಷ್ಟ.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ 2019ರ ಸುಮಾರಿಗೆ ಆರಂಭಿಸಿದ ಯೋಜನೆಯಡಿ, ಆಯ್ಕೆಯಾದ ಮಹಿಳಾ ನಿರ್ದೇಶಕರ ಚಿತ್ರಕ್ಕೆ ಒಂದೂವರೆ ಕೋಟಿ ರೂ.ವರೆಗೆ ನಿಗಮವೇ ಹಣ ಹೂಡುತ್ತದೆ. 'ನಿಷಿದ್ಧೋ', 'ಡಿವೋರ್ಸ್', 'ಬಿ 32 ಮುದಲ್ 44 ವರೆ' ಹೀಗೆ ಬಂದ ಚಿತ್ರಗಳು. ನೆರವು ಮೊದಲೇ ಬರುತ್ತದೆ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ. ಚಿತ್ರನಗರಿಗೆ 500 ಕೋಟಿ ಎಣಿಸುತ್ತಿರುವ ರಾಜ್ಯಕ್ಕೆ ವರ್ಷಕ್ಕೆ ಎರಡು ಚಿತ್ರಗಳ ವೆಚ್ಚ ಹೊರೆಯೆನ್ನಲಾಗದು.

ಕರಾರು ಪತ್ರದ ಸಣ್ಣ ಅಕ್ಷರ

ಹಣ ದೊರೆತರೂ ಮುಗಿಯಲಿಲ್ಲ. ನ್ಯಾಯಮೂರ್ತಿ ಕೆ. ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಬಹಿರಂಗವಾದಾಗ ಲೈಂಗಿಕ ಕಿರುಕುಳದ ಅಂಶಗಳೇ ಮುಖಪುಟ ತುಂಬಿದವು. ಅದು ಸಹಜವೂ ಹೌದು. ಆದರೆ ಲಿಖಿತ ಕರಾರಿಲ್ಲದೆ ಕೆಲಸ ಮಾಡಿಸುವುದು, ಒಪ್ಪಿದ ಸಂಭಾವನೆಯನ್ನೂ ಕೊಡದಿರುವುದನ್ನು ಅದೇ ವರದಿ ಎತ್ತಿ ಹೇಳಿತ್ತು. ಕರ್ನಾಟಕದಲ್ಲಿ 'ಫೈರ್' ಸಂಘಟನೆ ಮರುತಿಂಗಳೇ 153 ಮಂದಿಯ ಸಹಿಯೊಂದಿಗೆ ಇಂಥದೇ ಸಮಿತಿಗಾಗಿ ಮುಖ್ಯಮಂತ್ರಿಗೆ ಮನವಿ ಸಲ್ಲಿಸಿತು. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ವಾಣಿಜ್ಯ ಮಂಡಳಿಯಲ್ಲಿ ಕಲಾವಿದೆಯರೊಂದಿಗೆ ಸಭೆ ನಡೆಸಿದರು. ದೂರು ಸಮಿತಿ ಬೇಕೇ ಬೇಡವೇ ಎಂಬ ವಾಗ್ವಾದದಲ್ಲಿ ಕರಾರಿನ ವಿಷಯ ಹಿಂದೆ ಬಿತ್ತು. ಕಿರುಕುಳಕ್ಕೂ ಕರಾರಿಗೂ ಸಂಬಂಧವಿಲ್ಲವೆಂದು ಭಾವಿಸಿದರೆ ತಪ್ಪಾದೀತು. ಬಾಯಿಮಾತಿನ ಮೇಲೆ ಕೆಲಸಕ್ಕೆ ಸೇರಿದವಳನ್ನು ಬಾಯಿಮಾತಿನ ಮೇಲೆಯೇ ಹೊರಹಾಕಬಹುದು; ಆ ಭಯವೇ ಆಕೆಯನ್ನು ಸುಮ್ಮನಿರಿಸುತ್ತದೆ.

ಕಾನೂನು ತಿಳಿದರೆ ಬಲ ಹೆಚ್ಚುತ್ತದೆ ಎಂಬುದಕ್ಕೆ ಕೃತಿಸ್ವಾಮ್ಯ ಕಾಯ್ದೆಯೇ ಸಾಕ್ಷಿ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಯಾವ ಪ್ರದೇಶಕ್ಕೆಂದು ಹೇಳದಿದ್ದರೆ ಭಾರತಕ್ಕಷ್ಟೇ ಅನ್ವಯ. ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದೇ ಹೋದಲ್ಲಿ ವರ್ಗಾವಣೆ ರದ್ದಾಗುತ್ತದೆ. 2012ರ ತಿದ್ದುಪಡಿಯ ನಂತರ ಗೀತರಚನೆಕಾರರು, ಸಂಗೀತಗಾರರು ಚಿತ್ರದಿಂದಾಚೆಗಿನ ಬಳಕೆಯ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಧಾರಾವಾಹಿಗೆ ಸಂಭಾಷಣೆ ಬರೆಯುವ, ಜನಪದ ಗೀತೆ ಹಾಡಿ ಕಳುಹಿಸುವ ಎಷ್ಟು ಮಂದಿ ಮಹಿಳೆಯರಿಗೆ ಇದು ಗೊತ್ತು? 'ಎಲ್ಲ ಹಕ್ಕುಗಳೂ ಶಾಶ್ವತವಾಗಿ, ವಿಶ್ವದಾದ್ಯಂತ' ಎಂಬ ಸಾಲಿನ ಕೆಳಗೆ ಓದದೇ ಸಹಿ ಹಾಕಿದರೆ ಈ ರಕ್ಷಣೆಗಳಲ್ಲಿ ಬಹುಪಾಲು ಕೈತಪ್ಪುತ್ತವೆ.

ಯೂಟ್ಯೂಬ್‌ನಲ್ಲಿ ಮಧ್ಯವರ್ತಿಯಿಲ್ಲ, ಹಾಗಾಗಿ ಮೋಸವೂ ಇಲ್ಲ ಎಂಬ ನಂಬಿಕೆ ಈಚೆಗೆ ಬೇರೂರಿದೆ. ಉತ್ತರ ಕರ್ನಾಟಕದ ಆಡುಮಾತಿನ ಹಾಸ್ಯ ತುಣುಕುಗಳಿಗೆ ಪ್ರೇಕ್ಷಕರ ಬರವಿಲ್ಲ ನಿಜ. ಜಾಹೀರಾತು ಆದಾಯ ಬರಬೇಕಾದರೆ 1000 ಚಂದಾದಾರರು, ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ಇಲ್ಲವೆ ಕಿರುವಿಡಿಯೊಗಳು 90 ದಿನಗಳಲ್ಲಿ ಒಂದು ಕೋಟಿ ಬಾರಿ ವೀಕ್ಷಣೆಯಾಗಿರಬೇಕು. 100 ಡಾಲರ್ ಕೂಡಿದ ಮೇಲಷ್ಟೇ ಹಣ ಬ್ಯಾಂಕಿಗೆ ಬರುತ್ತದೆ. ಯಾರ ಖಾತೆಗೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಮುಖ ಹೆಂಡತಿಯದು, ಮಾತು ಹೆಂಡತಿಯದು, ಆದರೆ ವಾಹಿನಿಯ ಮಿಂಚಂಚೆ, ಗುಪ್ತಪದ, ಬ್ಯಾಂಕ್ ಖಾತೆ ಗಂಡನ ಅಥವಾ ಅಣ್ಣನ ಹೆಸರಿನಲ್ಲಿದ್ದರೆ, ಆಕೆ ತನ್ನದೇ ಉದ್ಯಮದಲ್ಲಿ ಸಂಬಳವಿಲ್ಲದ ಕೂಲಿಯಾಗುತ್ತಾಳೆ.

ದೇಶದ ಚಿತ್ರಣವೂ ಆಶಾದಾಯಕವಲ್ಲ. ಆರ್ಮ್ಯಾಕ್ಸ್ ಮೀಡಿಯಾದ 'ಓ ವುಮನಿಯಾ' ವರದಿಯ 2024ರ ಆವೃತ್ತಿ, ಹಿಂದಿನ ವರ್ಷ ತೆರೆಕಂಡ 169 ಚಿತ್ರ, ಸರಣಿಗಳನ್ನು ಪರಿಶೀಲಿಸಿತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಬರವಣಿಗೆ, ನಿರ್ಮಾಣ ವಿನ್ಯಾಸ ವಿಭಾಗಗಳ ಮುಖ್ಯಸ್ಥರಲ್ಲಿ ಮಹಿಳೆಯರು ಶೇ. 15ರಷ್ಟು ಮಾತ್ರ.

'ಕಿತ್ತೂರು ಚೆನ್ನಮ್ಮ' ನಿರ್ಮಿಸಿದ ಪಂತುಲು ಅವರ ಪುತ್ರಿ ಬಿ.ಆರ್. ವಿಜಯಲಕ್ಷ್ಮಿ 1980ರ ದಶಕದಲ್ಲಿ ತಮಿಳು ಚಿತ್ರಗಳಿಗೆ ಸ್ವತಂತ್ರ ಛಾಯಾಗ್ರಾಹಕಿಯಾಗಿ, ಏಷ್ಯಾದಲ್ಲೇ ಈ ವೃತ್ತಿಗಿಳಿದ ಮೊದಲ ಮಹಿಳೆಯೆಂದು ಹೆಸರಾದರು. ನಂತರ ಅವರು ನಿರ್ದೇಶನ ಮಾಡಿದರು, ಕಿರುತೆರೆಗೆ ದುಡಿದರು, ಸರಿಗಮ ಸಂಸ್ಥೆಯಲ್ಲಿ ವ್ಯವಹಾರದ ಹೊಣೆ ಹೊತ್ತರು. ಕ್ಯಾಮೆರಾದಿಂದ ವ್ಯವಹಾರದ ಮೇಜಿನವರೆಗಿನ ಈ ಹಾದಿಯಲ್ಲಿ ಅವರಿಗೆ ತಂದೆಯ ಚಿತ್ರಲೋಕ ಬಾಲ್ಯದ ಮನೆಯಂಗಳವಾಗಿತ್ತು. ಕಿತ್ತೂರು ತಾಲ್ಲೂಕಿನ ಹುಡುಗಿಗೆ ಆ ಅಂಗಳ ಧಾರವಾಡದ ತರಬೇತಿ ಕೊಠಡಿಯಲ್ಲಿ ಸಿಗಬೇಕು. ಚಿತ್ರೋದ್ಯಮಕ್ಕೆ ಕೈಗಾರಿಕಾ ಸೌಲಭ್ಯ ಹಂಚುವ ನಿಯಮಾವಳಿಯಲ್ಲಿ ಅಂಥ ಕೊಠಡಿಯೊಂದಕ್ಕೆ ಜಾಗವಿದೆಯೇ ಎಂಬುದನ್ನು ವಾಣಿಜ್ಯ ಮಂಡಳಿಯೂ ಮಹಿಳಾ ಅಭಿವೃದ್ಧಿ ನಿಗಮವೂ ಒಟ್ಟಿಗೆ ಕುಳಿತು ಸರ್ಕಾರವನ್ನು ಕೇಳಬೇಕಿದೆ.